ಮಟ್ಟಿ ಬಿಡುವ ವಯಸ್ಸು

ಶನಿವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಪುಟ್ಟರಾಜು ಎಂಟು ಜನ ಪೈಲ್ವಾನರನ್ನು ಮನೆಗೆ ಕಳಿಸಿಬಿಟ್ಟ. ಹಾಸಿಗೆಯ ಮೇಲೆ ಕೂತು ಮೊಬೈಲಿನಲ್ಲಿ ಎರಡು ಸಾಲು ಬರೆದು ಹೆಬ್ಬೆರಳಿನಿಂದ ಒತ್ತಿದ್ದಷ್ಟೇ.

"ಗರಡಿ ಯಜಮಾನ ಆಟದ ಎಲ್ಲ ಯಜಮಾನರ ಗಮನಕ್ಕೆ: ನಲವತ್ತೈದು ದಾಟಿದ ಎಂಟು ಪೈಲ್ವಾನರು ಇಂದು ಸಂಜೆಯ ಕುಸ್ತಿಗೆ ಮೊದಲು ಮಟ್ಟಿ ಬಿಡುತ್ತಾರೆ. ಅವರ ಜಾಗಕ್ಕೆ ಎಂಟು ಹೊಸಬರು ಬರುತ್ತಾರೆ."

ಒತ್ತಿದ ಮೇಲೆ ಮೈ ಹಗುರವಾಯಿತು. ಆ ಹಗುರ ಹಲ್ಲುಜ್ಜಿ ಮುಗಿಯುವವರೆಗೂ ಉಳಿಯಲಿಲ್ಲ.

ಪುಟ್ಟರಾಜು ಮದ್ದೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಸಮೀಕರಣದ ಎಡಕ್ಕೂ ಬಲಕ್ಕೂ ಒಂದು ಪರಮಾಣು ಹೆಚ್ಚುಕಮ್ಮಿಯಾದರೆ ಅನ್ನ ಸೇರದ ಮನುಷ್ಯ. ಲಾಕ್‌ಡೌನ್ ದಿನಗಳಲ್ಲಿ ಮಾಡಲು ಕೆಲಸವಿಲ್ಲದೆ ಮೊಬೈಲ್ ಆಟ ಬರೆಯುವುದನ್ನು ಕಲಿತು ಈ 'ಗರಡಿ ಯಜಮಾನ'ನನ್ನು ಹುಟ್ಟಿಸಿದ್ದ. ಆಡುವವರು ಒಂದೊಂದು ಗರಡಿಗೆ ಯಜಮಾನರು. ಪೈಲ್ವಾನರನ್ನು ಆರಿಸಿಕೊಳ್ಳಬೇಕು, ಹಾಲು ಬಾದಾಮಿ ಕೊಟ್ಟು ಸಾಕಬೇಕು, ಯಾರ ಮೇಲೆ ಯಾರು ಎಂದು ಜೋಡಿ ಕಟ್ಟಬೇಕು. ದಿನಾ ಸಂಜೆ ಆರಕ್ಕೆ ಕುಸ್ತಿ. ಮಂಡ್ಯದಿಂದ ಮಳವಳ್ಳಿಯವರೆಗೆ ಬಸ್ಸಿನಲ್ಲಿ, ಡೈರಿ ಸಾಲಿನಲ್ಲಿ, ಮದುವೆ ಪಂಕ್ತಿಯಲ್ಲಿ ಜನ ಇದನ್ನೇ ಒತ್ತುತ್ತ ಕೂರುವಂತಾಗಿತ್ತು.

ಆಟಕ್ಕೆ ನಲವತ್ತು ಪೈಲ್ವಾನರು ಬೇಕಾಗಿದ್ದರು. ಅಷ್ಟು ಹೆಸರಿಗೆ ಎಲ್ಲಿ ಹೋಗುವುದು? ಪುಟ್ಟರಾಜು ಕಣ್ಣೆದುರು ಸಿಕ್ಕವರನ್ನೆಲ್ಲ ಒಪ್ಪಿಸಿ ಹೆಸರು ಹಾಕಿಕೊಂಡ. ಮನೆಯ ಮಾಲೀಕರು ಪೈಲ್ವಾನರಾದರು, ಹೋಟೆಲಿನವನು ಪೈಲ್ವಾನನಾದ. ಅವರಲ್ಲಿ ನಿಜವಾಗಿ ಕುಸ್ತಿ ಆಡಿದ್ದವರು ಒಬ್ಬರೇ, ಅವನ ಮಾವ ಕಿರುಗಾವಲಿನ ಬೋರಯ್ಯ.

ಇಷ್ಟೆಲ್ಲ ಮಾಡಿದವನು ಒಂದು ಸಾಲು ಬರೆಯುವುದನ್ನು ಮರೆತಿದ್ದ. ಗೆದ್ದಾಗಲೆಲ್ಲ ಪೈಲ್ವಾನನ ಬಲ ಏರುತ್ತಿತ್ತು, ಆದರೆ ವಯಸ್ಸು ಏರುತ್ತಿರಲಿಲ್ಲ. ವರ್ಷಗಳು ಕಳೆದು ಆಟದ ಬೋರಯ್ಯನ ಬಲ ಒಂಬೈನೂರು ದಾಟಿತು. ಹೊಸದಾಗಿ ಬಂದವನ ಬಲ ಹನ್ನೆರಡು. ಹೊಸಬ ತೊಡೆ ತಟ್ಟಲು ಕೈ ಎತ್ತುವಷ್ಟರಲ್ಲಿ ಬೆನ್ನಿಗೆ ಮಣ್ಣು ಮೆತ್ತಿರುತ್ತಿತ್ತು. ಹುಡುಗರು ಒಬ್ಬೊಬ್ಬರಾಗಿ "ಇದೇನ್ ಸಾರ್, ಮುದುಕರ ಆಟ" ಎಂದು ಬಿಟ್ಟುಹೋಗತೊಡಗಿದರು. ಲೆಕ್ಕ ಸ್ಪಷ್ಟವಾಗಿತ್ತು: ಬೋರಯ್ಯನನ್ನು ಮಟ್ಟಿಯಿಂದ ಇಳಿಸದಿದ್ದರೆ ಆಟ ಸಾಯುತ್ತದೆ. ಇಳಿಸಿದರೆ ಪುಟ್ಟರಾಜು ಸಾಯುತ್ತಾನೆ. ಏಕೆಂದರೆ ಬೋರಯ್ಯ ಅರವತ್ತೆಂಟರಲ್ಲೂ ತೆಂಗಿನಕಾಯಿಯನ್ನು ಮೊಣಕೈಯಲ್ಲಿ ಒಡೆಯುವ ಆಸಾಮಿ.

ಇಳಿಸುವ ಉಪಾಯವೂ ಮಾವನಿಂದಲೇ ಬಂದದ್ದು. ಮದುವೆಯಾದ ಹೊಸದರಲ್ಲಿ ಬೋರಯ್ಯ ತಮ್ಮ ಗರಡಿಯ ಕಟ್ಟಳೆ ಹೇಳಿದ್ದರು. ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣವೇ ಮಟ್ಟಿ. ಪೈಲ್ವಾನನಾದವನು ಸಾಕಾಯಿತು ಎಂದು ಸುಮ್ಮನೆ ಎದ್ದು ಬರುವ ಹಾಗಿಲ್ಲ. ಮಟ್ಟಿಯ ಒಂದು ಹಿಡಿ ಮಣ್ಣನ್ನು ಹೊಸಬನ ಅಂಗೈಗೆ ಹಾಕಿ "ಇನ್ನು ನಿಂದು" ಅನ್ನಬೇಕು. ಅಲ್ಲಿಗೆ ಇವನು ಬಿಡುಗಡೆ. ಅಲ್ಲಿಯವರೆಗೆ ಯಾರು ಬಂದು ಕರೆದರೂ ಒಂದು ಕೈ ನೋಡಲೇಬೇಕು, ಒಲ್ಲೆ ಅನ್ನಬಾರದು. ಎಣ್ಣೆಯಲ್ಲಿ ಕರಿದದ್ದನ್ನು ಬಾಯಿಗಿಡಬಾರದು. ಪುಟ್ಟರಾಜು ಇದನ್ನೇ ಆಟಕ್ಕೆ ಇಳಿಸಿದ್ದ. ಹೋಗುವವನು ಮಣ್ಣು ಕೊಟ್ಟರೆ ಬರುವವನಿಗೆ ಅವನ ಬಲದ ಒಂದು ಪಾಲು. ಹಳಬರಿಗೂ ಮರ್ಯಾದೆ, ಹೊಸಬರಿಗೂ ದಾರಿ. ಎಡ ಬಲ ಎರಡೂ ಸಮ.

ಬಾಯಿ ಮುಕ್ಕಳಿಸುವಾಗ ಮೊಬೈಲು ಹೊಡೆದುಕೊಂಡಿತು. ತೆರೆಯ ಮೇಲೆ 'ಮಾವ' ಎಂದಿತ್ತು. ಪುಟ್ಟರಾಜು ಫೋನನ್ನು ಸೈಲೆಂಟಿಗೆ ಹಾಕಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟ.

"ಅಪ್ಪ ಫೋನ್ ಮಾಡ್ತಾವ್ರೆ, ಎತ್ರೀ" ಎಂದಳು ಹೆಂಡತಿ ವೀಣ.

"ಆಮೇಲೆ ಮಾಡ್ತೀನಿ."

"ಯಾಕೆ? ನಮ್ಮಪ್ಪನ್ನ ಮಟ್ಟಿಯಿಂದ ಓಡಿಸ್ತಾ ಇದೀರಂತೆ. ಮೆಸೇಜು ನಂಗೂ ಬಂತು." ಒಲೆಯ ಮೇಲಿದ್ದ ಬಾಣಲೆಯನ್ನು ಅವಳು ಕೆಳಗಿಟ್ಟಳು. "ನಮ್ಮಪ್ಪಂಗೆ ಮಟ್ಟಿ ಇಲ್ಲ ಅಂದ್ರೆ ನಿಮಗೆ ಇವತ್ತು ಉಪ್ಪಿಟ್ಟಿಲ್ಲ. ನಾಳೆ ಮುದ್ದೆ ಬಗ್ಗೆ ನಾಳೆ ಯೋಚ್ನೆ ಮಾಡ್ತೀನಿ."

ಪುಟ್ಟರಾಜು ಮೊಬೈಲನ್ನು ಜೇಬಿಗಿಳಿಸಿ ಖಾಲಿ ಹೊಟ್ಟೆಯಲ್ಲಿ ಚಪ್ಪಲಿ ಮೆಟ್ಟಿದ. ಗೇಟಿನಲ್ಲಿ ಮನೆ ಮಾಲೀಕ ಮರಿಸಿದ್ದಯ್ಯ, ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು, ಬೇವಿನ ಕಡ್ಡಿ ಕಚ್ಚಿಕೊಂಡು ಅಡ್ಡ ನಿಂತಿದ್ದರು. ಆಟದಲ್ಲಿ ಅವರಿಗೆ ಅರವತ್ತೆರಡು, ಬಲ ಆರುನೂರು.

"ಮೇಷ್ಟ್ರೇ, ನಿಜವಾ?"

"ಏನ್ ಸಾರ್?"

"ನನ್ನ ರಿಟೈರ್ ಮಾಡ್ತೀರಂತೆ."

"ನಿಮ್ಮನ್ನಲ್ಲ ಸಾರ್, ಆಟದಲ್ಲಿರೋ ನಿಮ್ಮನ್ನ."

"ಇನ್ನೆಲ್ಲಿದ್ದೀನಪ್ಪ ನಾನು? ಒಂದ್ಸಲ ರಿಟೈರ್ ಆಗಿ ಅನುಬವ್ಸಿವ್ನಿ ಕಣಪ್ಪ. ಆರ ಆಕುದ್ರು, ಸಾಲು ಒದ್ದುಸುದ್ರು, ಗ್ವಾಡೆ ಗಡಿಯಾರ ಕೊಟ್ರು. ಮಾರ್ನೆ ದಿನದಿಂದ ಮನೇಲಿ ಎಲ್ಡು ಸಲ ಬತ್ತಿದ್ದ ಕಾಪಿ ಒಂದ್ಸಲ ಆಯ್ತು. ನಿಮ್ಮ ಆಟ ಬಂದ್ಮೇಲೆ ಮೊಮ್ಮಕ್ಳು 'ತಾತ ಗೆದ್ದ' ಅಂತ ಕೂಗ್ತವೆ, ಕಾಪಿ ಮತ್ತೆ ಎಲ್ಡಾಗದೆ. ಈಗ ಅದುನ್ನೂ ಕಿತ್ಕತೀರಾ?"

ಮರಿಸಿದ್ದಯ್ಯ ಕಡ್ಡಿಯನ್ನು ಬಾಯಿಯ ಎಡದಿಂದ ಬಲಕ್ಕೆ ದಾಟಿಸಿದರು. "ಯಾಕೋ ನೀರಿನ್ ಮೋಟ್ರು ಸರ್ಯಾಗಿ ಓಡ್ತಾ ಇಲ್ಲ. ನಿಮ್ಮ ಪೋರ್ಸನ್‌ಗೇ ಅತ್ತಲ್ಲ ಅಂತದೆ."

ಪುಟ್ಟರಾಜು ಅಲ್ಲೇ ಮೊಬೈಲು ತೆಗೆದು ಮರಿಸಿದ್ದಯ್ಯನವರ ವಯಸ್ಸನ್ನು ಮೂವತ್ತೆಂಟಕ್ಕೆ ಇಳಿಸಿದ. ಅವರ ಮಗ ಶಶಿಧರನೂ ಆಟದಲ್ಲಿದ್ದ, ಅವನಿಗೆ ನಲವತ್ತು. ಅಪ್ಪ ಮಗನಿಗಿಂತ ಎರಡು ವರ್ಷ ಚಿಕ್ಕವನಾದ. ಪ್ರಕೃತಿಯ ನಿಯಮ ಮುರಿದ ಪಾಪಪ್ರಜ್ಞೆಯಲ್ಲಿ ಪುಟ್ಟರಾಜು ಗೇಟು ದಾಟುವಾಗ ಹಿಂದಿನಿಂದ ಮೋಟರು ಗುರ್ರ್ ಎಂದು ಚೆನ್ನಾಗಿಯೇ ಓಡುವುದು ಕೇಳಿಸಿತು.

ಹೊಟ್ಟೆ ಚುರುಗುಟ್ಟುತ್ತಿತ್ತು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಚಿಕ್ಕಣ್ಣನ ಹೋಟೆಲು. ಅಲ್ಲಿ ವಡೆ ಬಾಣಲೆಯಿಂದ ಏಳುವ ಹೊತ್ತಿಗೆ ಬೆಂಗಳೂರು ಮೈಸೂರು ಬಸ್ಸುಗಳೂ ಒಂದು ಗಳಿಗೆ ಉಸಿರೆಳೆದು ನಿಲ್ಲುತ್ತವೆ. ಚಿಕ್ಕಣ್ಣ ನುಗ್ಗೆಕಾಯಿಯಷ್ಟು ತೆಳುವಾದ ಮನುಷ್ಯ. ಜೀವಮಾನದಲ್ಲಿ ಮಟ್ಟಿ ತುಳಿದವನಲ್ಲ. ಆದರೆ ಆಟದಲ್ಲಿ ಅವನು ಐನೂರು ಬಲದ ಪೈಲ್ವಾನ. ಪುಟ್ಟರಾಜು ಕೂರುತ್ತಲೇ ಬಿಸಿ ವಡೆಯ ತಟ್ಟೆ ಮುಂದೆ ಬಂತು. ಮುರಿಯಲು ಕೈಯಿಟ್ಟರೆ ಚಿಕ್ಕಣ್ಣ ತಟ್ಟೆಯ ಇನ್ನೊಂದು ಅಂಚನ್ನು ಬಿಡಲೇ ಇಲ್ಲ.

"ತಿನ್ನೀರಂತೆ. ಮೊದ್ಲು ಒಂದ್ ಮಾತು. ನಾನೇನ್ ತಪ್ಪು ಮಾಡುದ್ನಿ ಮೇಷ್ಟ್ರೇ?"

"ತಪ್ಪಲ್ಲ ಚಿಕ್ಕಣ್ಣ, ವಯಸ್ಸು. ಹೊಸಬರಿಗೆ ಜಾಗ ಬೇಕಲ್ಲ."

"ನನ್ನೆಂಡ್ರು ತಮ್ಮ ಒಬ್ಬ ಅವ್ನೆ, ಚಿಕ್ಕರಸಿನಕೆರೇಲಿ. ಮದ್ವೆ ಆದಾಗಿಂದ ನನ್ನ 'ಲೇ ಚಿಕ್ಕ' ಅಂತ್ಲೇ ಕರೀತಿದ್ದ. ಆಟದಲ್ಲಿ ನಾನು ಅವನ ಗರಡಿಯೋರ್ನ ಎತ್ತಿ ಒಗುದ್ಮೇಲೆ 'ಬಾವ' ಅಂತಾನೆ. 'ಬಾವ, ಇಟ್ಟುಂಡ್ರಾ' ಅಂತಾನೆ! ನಾಳಿಂದ ಮತ್ತೆ 'ಲೇ' ಅನ್ನುಸ್ಕಬೇಕಾ ನಾನು?"

ಗಲ್ಲಾದ ಸುತ್ತ ನಿಂತಿದ್ದ ಕಂಡಕ್ಟರುಗಳು "ಅನ್ಯಾಯ ಸಾರ್, ಅನ್ಯಾಯ" ಎಂದರು. ಪುಟ್ಟರಾಜು ಮೊಬೈಲು ತೆಗೆದು ಚಿಕ್ಕಣ್ಣನನ್ನು ಮೂವತ್ತಾರಕ್ಕೆ ಇಳಿಸಿದ. ಅಷ್ಟರಲ್ಲಿ ಮೈಸೂರು ಬಸ್ಸು ಬಂತು. ಚಿಕ್ಕಣ್ಣ ಆನಂದದ ಭರದಲ್ಲಿ "ವಡೇ ಬಿಸೀ ವಡೇ" ಎಂದು ಪುಟ್ಟರಾಜುವಿನ ತಟ್ಟೆಯನ್ನೇ ಎತ್ತಿಕೊಂಡು ಬಸ್ಸಿನ ಕಿಟಕಿಗೆ ಓಡಿದ.

ಕಾಲೇಜಿಗೆ ನಡೆಯುವ ದಾರಿಯಲ್ಲಿ ಉಳಿದ ಐದು ಹಳಬರೂ ಒಬ್ಬರಾದ ಮೇಲೊಬ್ಬರು ಫೋನಿನಲ್ಲಿ ಬಂದರು. ಒಬ್ಬರು ಅತ್ತರು, ಒಬ್ಬರು ಬೈದರು, ಒಬ್ಬರು ಮನೆದೇವರ ಮೇಲೆ ಆಣೆಯಿಟ್ಟರು. ಕಾಲೇಜಿನ ಗೇಟು ತಲುಪುವಷ್ಟರಲ್ಲಿ ಏಳು ಜನಕ್ಕೆ ಪ್ರಾಯ ಮರಳಿತ್ತು. ಇನ್ನು ಉಳಿದವರು ಬೋರಯ್ಯ ಒಬ್ಬರೇ. ಅವರದ್ದು ಒಂಬತ್ತು ಮಿಸ್ಡ್ ಕಾಲ್ ಆಗಿತ್ತು.

"ಪುಟ್ಟರಾಜು, ಬನ್ನಿ, ಕೂತ್ಕೊಳ್ಳಿ." ಪ್ರಾಂಶುಪಾಲರಾದ ನಾಗಮಣಿ ಮೇಡಂ ಕೋಣೆಯ ಬಾಗಿಲಲ್ಲೇ ಹಿಡಿದರು. "ನಿಮ್ಮ ಮೇಲೆ ನನಗೆ ಬಹಳ ಗೌರವ ಇದೆ. ಸಂಜೆವರೆಗೂ ಇರುತ್ತೆ."

"ಮೇಡಂ?"

"ನನ್ನ ಗರಡಿ ಎಷ್ಟನೇ ಸ್ಥಾನದಲ್ಲಿದೆ ಗೊತ್ತಾ?"

ಗೊತ್ತಿಲ್ಲದೆ ಏನು. ಮೊದಲನೇ ಸ್ಥಾನ. ಅದು ಮೊದಲಾಗಿರುವುದು ಬೋರಯ್ಯನಿಂದ.

"ಮಂಡ್ಯದಲ್ಲಿ ಪ್ರಾಂಶುಪಾಲರ ಸಭೆಗೆ ಹೋದ್ರೆ, ರಿಸಲ್ಟ್‌ನಲ್ಲಿ ನಾವು ಕೊನೇ ಬೆಂಚು. ಆದ್ರೆ ಗರಡೀಲಿ ನಾನೇ ಮೊದಲು. ಅವರೆಲ್ಲ ಎದ್ದು ಕುರ್ಚಿ ಕೊಡ್ತಾರೆ. ಬೋರಯ್ಯ ಹೋದ್ರೆ ಕುರ್ಚಿ ಹೋಯ್ತು." ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಮಳವಳ್ಳಿ ಎನ್ನೆಸ್ಸೆಸ್ ಕ್ಯಾಂಪಿಗೆ ಯಾರನ್ನ ಕಳಿಸೋದು ಅಂತ ಯೋಚಿಸ್ತಿದ್ದೆ. ಒಂದು ವಾರ. ಟಾಯ್ಲೆಟ್ ಗುಂಡಿ ತೋಡಿಸೋದರಿಂದ ಶುರು."

ಪುಟ್ಟರಾಜು ನಮಸ್ಕಾರ ಮಾಡಿ ಹೊರಟ. ಕೆಮಿಸ್ಟ್ರಿ ಲ್ಯಾಬಿನ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತ. ಅಳಿಯನ ಮರ್ಯಾದೆ, ವೀಣಳ ಉಪ್ಪಿಟ್ಟು, ಮೇಡಂ ಕುರ್ಚಿ, ಗುಂಡಿ, ಎಲ್ಲ ಒಂದೇ ತಕ್ಕಡಿಯಲ್ಲಿ ತೂಗಿದವು. ಬೋರಯ್ಯನ ವಯಸ್ಸಿನ ಮನೆಯಲ್ಲಿ 'ಇಪ್ಪತ್ನಾಲ್ಕು' ಎಂದು ಬರೆದ. ಎದುರಿಗೆ 'ಎಂದೂ ನಿವೃತ್ತಿಯಿಲ್ಲ' ಎಂದೂ ಸೇರಿಸಿದ. ಮಾವ ಮಗಳಿಗಿಂತ ಚಿಕ್ಕವರಾದರು.

ಆಮೇಲೆ ಸಂಜೆಗೆ ಏನಾಗುತ್ತದೆಂದು ನೋಡಲು ಆಟದ ನಕಲನ್ನು ಒಮ್ಮೆ ಓಡಿಸಿದ. ಓಡಿಸಿ ಹಣೆ ಚಚ್ಚಿಕೊಂಡ.

ಮಟ್ಟಿಯಲ್ಲಿ ಜಾಗ ನಲವತ್ತೇ. ಎಂಟು ಬಂದರೆ ಎಂಟು ಹೋಗಲೇಬೇಕು. ವಯಸ್ಸಾದವರು ಯಾರೂ ಸಿಗದಿದ್ದರೆ ಎಲ್ಲರಿಗಿಂತ ಕಡಿಮೆ ಬಲದವರನ್ನು ಕಳಿಸು ಎಂದು ಅವನೇ ಹಿಂದೊಮ್ಮೆ ಬರೆದಿಟ್ಟಿದ್ದ. ಊರಿನ ಮುದುಕರೆಲ್ಲ ಪ್ರಾಯದವರಾದದ್ದರಿಂದ ಯಂತ್ರ ಹೊಸಬರನ್ನು ಒಳಗೆ ಬಿಟ್ಟುಕೊಂಡು, ಹಾರ ಹಾಕಿ, ಅದೇ ಬಾಗಿಲಿನಿಂದ ಹೊರಗೆ ಕಳಿಸಿತು. ತೆರೆಯ ಮೇಲೆ ಮೂಡಿತು: "ಇಪ್ಪತ್ಮೂರರ ಅಪ್ಪು ಪೈಲ್ವಾನರು ಸುದೀರ್ಘ ಸೇವೆಯ ಬಳಿಕ ಮಟ್ಟಿ ಬಿಟ್ಟರು."

"ನಾನು ಬರಾಕ್ ಮುಂಚೇನೇ ಒಂಟೋದ್ನಾ?"

ಪುಟ್ಟರಾಜು ಬೆಚ್ಚಿ ತಿರುಗಿದ. ಬೆನ್ನ ಹಿಂದೆ ಅಪ್ಪುವೇ ನಿಂತಿದ್ದ. ಅಪ್ಪು ಗ್ಯಾಸ್ ಏಜೆನ್ಸಿಯವನು. ಲ್ಯಾಬಿನ ಬರ್ನರುಗಳಿಗೆ ಸಿಲಿಂಡರು ತಂದಿದ್ದ, ಎರಡನ್ನೂ ಎರಡು ಹೆಗಲ ಮೇಲೆ ಹೊತ್ತು ಹಿಂಬಾಗಿಲಿನಿಂದ ಬಂದಿದ್ದ. ಬೆಳಗಿನ ಜಾವ ನಿಜವಾದ ಗರಡಿಯಲ್ಲಿ ಸಾಮು ಮಾಡುವ ಹುಡುಗ. ಅವನ ಎದೆ ಲ್ಯಾಬಿನ ಬೀರುವಿಗಿಂತ ಅಗಲ.

"ಇಲ್ಲ ಅಪ್ಪು, ಇದು ಬರೀ ಪರೀಕ್ಷೆ..."

"ಏನ್ ಮೇಷ್ಟ್ರೇ, ಆಟಕ್ಕೆ ಎಸ್ರು ಆಕ್ತೀನಿ ಅಂತ ಯುಗಾದಿಲಿ ಏಳುದ್ರಿ. ಏಜೆನ್ಸಿಲಿ ಎಲ್ರಿಗೂ ಸ್ವೀಟ್ ಅಂಚ್ಬುಟ್ಟಿವ್ನಿ. ಈಗ ಸುದೀರ್ಗ ಸೇವೆ ಅಂತದಲ್ಲ? ಒಂದ್ ಕುಸ್ತಿ ಆಡಿಲ್ಲ ನಾನು!" ಅವನು ಬಿಕ್ಕಿದ. ಹೆಗಲ ಮೇಲೆ ಸಿಲಿಂಡರು ಹಾಗೇ ಇತ್ತು. "ಬೋರಯ್ಯನೋರ್ತಾವ ಒಂದ್ ಕೈ ನೋಡ್ಬೇಕು ಅಂತ ನಂಗೆ ಅದೆಷ್ಟ್ ಆಸೆ. ಓದ್ ವಾರ ಕಿರುಗಾವಲ್ಗೇ ಓಗಿದ್ದೆ. ಅಮ್ಮೋರು 'ಮನೇಲಿಲ್ಲ ಕಣಪ್ಪ' ಅಂದ್ರು. ಇತ್ಲಲ್ಲಿ ಯಾರೋ ಕೆಮ್ಮೋದು ಕೇಳುಸ್ತು. ಸರಿ, ಆಟದಲ್ಲಾದ್ರೂ ಸಿಕ್ತಾರಲ್ಲ ಅಂದ್ಕಂಡಿದ್ದೆ."

ಬೀರುವಿನಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡುವ ಶಕ್ತಿ ಪುಟ್ಟರಾಜುವಿಗಿರಲಿಲ್ಲ. "ಸಂಜೆಯೊಳಗೆ ಏನಾದರೂ ಮಾಡ್ತೀನಿ, ಮೊದಲು ಅವನ್ನ ಇಳಿಸು ಮಾರಾಯ" ಎಂದ.

ನಾಲ್ಕೂವರೆಗೆ ಮೊಬೈಲು ಮತ್ತೆ ಮಿನುಗಿತು. ಈ ಸಲ ವೀಣ.

"ನೀವು ಎತ್ತಲ್ಲ ಅಂತ ಅಪ್ಪ ಬಸ್ ಹತ್ತವ್ರೆ. ಮಳವಳ್ಳಿ ದಾಟಿದ್ದಾರಂತೆ. ಟವಲಲ್ಲಿ ಏನೋ ಗಂಟು ಕಟ್ಕೊಂಡು ಹೊರಟ್ರು ಅಂತ ಅವ್ವ ಹೇಳ್ತು. 'ಇವತ್ತು ಅಳೀಮಯ್ಯಂಗೂ ನಂಗೂ ತೀರ್ಮಾನ ಆಗೋಗ್ಲಿ' ಅಂದ್ರಂತೆ. ಚಿಕ್ಕಣ್ಣನ ಹೋಟ್ಲತ್ರ ಇಳೀತಾರೆ, ಬಂದ್ಬಿಡಿ."

"ಗಂಟಿನಲ್ಲಿ ಏನು?"

"ನಂಗೇನ್ ಗೊತ್ತು? ಕಾಯಿ ಇರಬೋದು."

ತೆಂಗಿನಕಾಯಿ ಎಂದ ಕೂಡಲೇ ಪುಟ್ಟರಾಜುವಿಗೆ ಮೊಣಕೈ ನೆನಪಾಯಿತು. ಕ್ಯಾಂಟೀನಿನಿಂದ ಆಗಷ್ಟೇ ತರಿಸಿದ್ದ ಮೊಸರನ್ನವನ್ನೂ ತಿನ್ನಲಾಗಲಿಲ್ಲ.

ಸಂಜೆ ಚಿಕ್ಕಣ್ಣನ ಹೋಟೆಲಿನ ಮುಂದೆ ಅರ್ಧ ಮದ್ದೂರು ಸೇರಿತ್ತು. ಆಟದ ಕುಸ್ತಿ ನೋಡಲು ಬಂದವರಿಗಿಂತ ಅಳಿಯ ಮಾವನ ಕುಸ್ತಿ ನೋಡಲು ಬಂದವರೇ ಹೆಚ್ಚು. ಮರಿಸಿದ್ದಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂತಿದ್ದರು. ನಾಗಮಣಿ ಮೇಡಂ ಮಂಡ್ಯದ ರೈಲು ಬಿಟ್ಟು ಬಂದಿದ್ದರು. ವೀಣ ಕಂಬಕ್ಕೆ ಒರಗಿ ಕೈಕಟ್ಟಿ ನಿಂತಿದ್ದಳು. ಅಪ್ಪು ಗ್ಯಾಸಿನ ಆಟೋವನ್ನು ಅಡ್ಡ ನಿಲ್ಲಿಸಿಕೊಂಡು ಮೂಗು ಒರೆಸುತ್ತಿದ್ದ. ಚಿಕ್ಕಣ್ಣ ಪುಟ್ಟರಾಜುವಿನ ಮುಂದೆ ಬಿಸಿ ವಡೆಯ ತಟ್ಟೆ ಇಟ್ಟು, "ತಿನ್ನಿ ಮೇಷ್ಟ್ರೇ, ಎಂಗಿದ್ರೂ ಒಟ್ಟೆ ತುಂಬಿರ್ಲಿ" ಎಂದ. ಬಲಿಯ ಟಗರಿಗೆ ಸೊಪ್ಪು ಹಿಡಿದ ಹಾಗಿತ್ತು. ಪುಟ್ಟರಾಜು ವಡೆ ಮುರಿದ. ಬಾಯಿಗಿಡಬೇಕು, ಅಷ್ಟರಲ್ಲಿ ಮಳವಳ್ಳಿ ಬಸ್ಸು ಬಂದು ನಿಂತಿತು.

ಬೋರಯ್ಯ ಇಳಿದರು. ಬಿಳಿ ಪಂಚೆ, ತಿರುವಿದ ಮೀಸೆ, ಹೆಗಲ ಮೇಲೆ ಕೆಂಪಂಚಿನ ಟವಲು, ಟವಲಿನ ತುದಿಯಲ್ಲಿ ಮುಷ್ಟಿಗಾತ್ರದ ಗಂಟು. ಎಡ ಮಂಡಿಯನ್ನು ಸ್ವಲ್ಪ ಎಳೆಯುತ್ತ ಅವರು ಬಂದಂತೆ ಜನ ತಾವಾಗಿ ದಾರಿ ಬಿಟ್ಟರು.

"ಅಳೀಮಯ್ಯ!"

ಪುಟ್ಟರಾಜು ಎದ್ದು ನಿಂತ. ಕೈಯಲ್ಲಿದ್ದ ವಡೆಯ ಚೂರು ತಟ್ಟೆಗೆ ಬಿತ್ತು. "ಮಾವ, ನೀವು ಕೋಪ ಮಾಡ್ಕೋಬೇಡಿ. ನಾನು ಎಲ್ಲ ಸರಿಮಾಡಿದ್ದೀನಿ. ನಿಮ್ಮನ್ನ ಯಾರೂ ಮಟ್ಟಿಯಿಂದ ಇಳಿಸೋ ಹಾಗಿಲ್ಲ. ನಿಮಗೆ ಈಗ ಇಪ್ಪತ್ನಾಲ್ಕು ವರ್ಷ. ಶಾಶ್ವತವಾಗಿ ಇಪ್ಪತ್ನಾಲ್ಕು!"

ಬೋರಯ್ಯನ ಮುಖ ಮಾಗಿದ ಬದನೆಕಾಯಿಯಂತಾಯಿತು.

"ಯಾವನ್ ಏಳುದ್ನಯ್ಯ ನಿಂಗೆ? ಯಾರ್ ಏನ್ ಅಂದ್ರೂ ಇಂದುಕ್ ತಗೀಬ್ಯಾಡ ಅಂತ ಏಳಾಕಲ್ವಾ ಬೆಳಿಗ್ಗಿಂದ ಪೋನ್ ಮಾಡ್ತಾ ಇರೋದು!"

"ಅಂದ್ರೆ?"

"ನನ್ನ ಮಟ್ಟಿ ಬುಡುಸಪ್ಪ ಅಂತ!" ಬೋರಯ್ಯ ಬೆಂಚಿನ ಮೇಲೆ ಕುಸಿದು ಕೂತರು. ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಮರಿಸಿದ್ದಯ್ಯ ಗೇಣುದ್ದ ಮೇಲೆದ್ದರು. "ನಾನು ಪ್ರಾಯದಲ್ಲಿ ಯಾರ ಕೈಗೂ ಮಣ್ಣು ಕೊಡ್ದೆ ಅಂಗೇ ಮನೇಗ್ ಬಂದ್ಬುಟ್ಟೆ. ಯಾರೂ ಕರೀನಿಲ್ಲ, ನಾನೂ ಸುಮ್ಕಿದ್ದೆ. ನಿನ್ ಆಟ ಬಂತು ನೋಡು, ಊರಿಗೆಲ್ಲ ನೆಪ್ಪಾಗೋಯ್ತು. ಬೋರಯ್ಯ ಇನ್ನೂ ಮಟ್ಟಿ ಬುಟ್ಟಿಲ್ಲ ಅಂತ. ಬಾನುವಾರ ಬಂದ್ರೆ ಸಾಕು, ಗೂಳಿ ಗೂಳಿಯಂತ ಐಕಳು ಬಂದು ತೊಡೆ ತಟ್ತವೆ, 'ತಾತ ಬಾ' ಅಂತವೆ. ಒಲ್ಲೆ ಅನ್ನಂಗಿಲ್ಲ. ಈ ಮಂಡಿ ನೋಡು, ಕುಂಬಳಕಾಯಾಗದೆ. ಓದ್ ವಾರ ಯಾವನೋ ಗ್ಯಾಸ್ ಸಿಲಿಂಡ್ರಂಗಿರೋನು ಬಂದಿದ್ದ. ನಾನು ಇತ್ಲಲ್ಲಿ ಉಲ್ಲಿನ ಮೆದೆ ಇಂದೆ ಕೂತಿದ್ದೆ."

ಅಪ್ಪು ನಾಚಿ ಆಟೋ ಹಿಂದೆ ಸರಿದ.

"ಬೆಳಿಗ್ಗೆ ಯಾರೋ ಬಂದು, ನಿಮ್ಮಳಿಯ ನಿಮ್ಮುನ್ನ ಮಟ್ಟಿ ಬುಡುಸ್ತಾವ್ರೆ ಅಂದ್ರು. ಆಂಜನೇಯ ಕಣ್ಬುಟ್ಟ ಅಂದ್ಕಂಡೆ. ಈ ಮದ್ದೂರ್ ಮೇಲೆ ನಲವತ್ತು ವರ್ಸದಿಂದ ಓಡಾಡ್ತಾ ಇವ್ನಿ, ವಡೆ ವಾಸ್ನೆ ಕುಡ್ಕಂಡು ಓಗಿವ್ನೇ ಒರ್ತು ಒಂದ್ ಚೂರು ಬಾಯ್ಗಾಕಿಲ್ಲ. ಇವತ್ತು ತಿಂತೀನಿ ಅಂತ ಬಸ್ ಅತ್ತುದ್ರೆ, ನೀನು ಇಪ್ಪತ್ನಾಲ್ಕು ಅಂತೀಯ!"

ಕಂಬಕ್ಕೆ ಒರಗಿದ್ದ ವೀಣಳ ತುಟಿ ಮೊದಲು ನಡುಗಿತು, ಆಮೇಲೆ ಕಿಸಕ್ಕೆಂದಿತು. ಮರಿಸಿದ್ದಯ್ಯ ನಿಧಾನವಾಗಿ ಕೈಯೆತ್ತಿದರು.

"ಬೋರಯ್ಯನೋರೇ ಬುಡ್ತೀನಿ ಅಂದ್ಮೇಲೆ ನಮ್ದೇನು? ನಾನೂ ಬುಡ್ತೀನಿ ಕಣಪ್ಪ. ಬೋರಯ್ಯನ್ ಜೊತೆ ರಿಟೈರ್ ಆದೋನು ಅಂದ್ರೆ ಮನೇಲಿ ಮೂರು ಕಾಪಿ ಕೊಟ್ಟಾರು."

"ನನ್ನೂ ಬುಡ್ಸಿ" ಎಂದ ಚಿಕ್ಕಣ್ಣ. "ಅವರ ಸಮಕ್ಕೆ ಕುಂತು ಎದ್ದೋದ ಅಂದ್ರೆ ಬಾಮೈದ ಜಲ್ಮದಲ್ಲಿ 'ಲೇ' ಅನ್ನಲ್ಲ."

ಪುಟ್ಟರಾಜು ಮೊಬೈಲು ತೆಗೆದ. ಎಂಟೂ ಜನಕ್ಕೆ ಅವರವರ ವಯಸ್ಸು ಮರಳಿಸಿದ. ಅಪ್ಪ ಮತ್ತೆ ಮಗನಿಗಿಂತ ದೊಡ್ಡವನಾದ, ಮಾವ ಮತ್ತೆ ಮಾವನಾದ. ಆರು ಹೊಡೆಯಿತು. ಎಲ್ಲರ ಮೊಬೈಲಿನಲ್ಲೂ ಡೋಲು ಬಾರಿಸಿತು. ತೆರೆಯ ಮೇಲೆ ಆಟದ ಬೋರಯ್ಯ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಆಟದ ಅಪ್ಪುವಿನ ಅಂಗೈಗೆ ಹಾಕಿದ. ಅಪ್ಪುವಿನ ಬಲ ಹನ್ನೆರಡರಿಂದ ನೂರಕ್ಕೆ ಹಾರಿತು. ನಿಜವಾದ ಅಪ್ಪು ಆಟೋ ಹಿಂದಿನಿಂದ ಕೂಗಿದ ಕೂಗಿಗೆ ಬಸ್ ಸ್ಟ್ಯಾಂಡಿನ ಕಾಗೆಗಳು ಎದ್ದವು. ನಾಗಮಣಿ ಮೇಡಂ ಕೂಡಲೇ ಅಪ್ಪುವನ್ನು ತಮ್ಮ ಗರಡಿಗೆ ಸೇರಿಸಿಕೊಂಡು, "ಕ್ಯಾಂಪಿಗೆ ಬೇರೆಯವರನ್ನ ನೋಡ್ತೀನಿ ಬಿಡಿ ಪುಟ್ಟರಾಜು" ಎಂದರು.

ಎಡ ಬಲ ಎರಡೂ ಸಮ. ಪುಟ್ಟರಾಜು ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟ. ಆಟ ಬದುಕಿತು, ತಾನೂ ಬದುಕಿದ. ಮಾವನ ಮುಂದೆ ಬಂದು ನಿಂತಾಗ ಬೋರಯ್ಯ ಟವಲಿನ ಗಂಟು ಬಿಚ್ಚುತ್ತಿದ್ದರು. ಅರಿಶಿನ, ಕುಂಕುಮ, ಕರ್ಪೂರದ ವಾಸನೆ ಗಮ್ಮೆಂದಿತು. ಕಿರುಗಾವಲಿನ ಆಂಜನೇಯನ ಪ್ರಸಾದ! ತನ್ನ ಹೆದರಿಕೆಗೆ ತಾನೇ ನಗುತ್ತ ಪುಟ್ಟರಾಜು ಎಡಗೈ ಮೇಲೆ ಬಲಗೈ ಇಟ್ಟು ಭಕ್ತಿಯಿಂದ ಒಡ್ಡಿದ. ಬೋರಯ್ಯ ಹಿಡಿ ತುಂಬ ಹಾಕಿದರು. ಅವನು ಎರಡು ಕಣ್ಣಿಗೂ ಒತ್ತಿಕೊಂಡು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ.

ಹಲ್ಲಿಗೆ ಕರಕರ ಎಂದಿತು.

"ಇನ್ನು ನಿಂದು" ಎಂದರು ಬೋರಯ್ಯ.

ಪುಟ್ಟರಾಜು ಅಂಗೈ ನೋಡಿಕೊಂಡ. ಕೆಂಪು ಮಣ್ಣು.

"ಮಾವ, ಮಣ್ಣು ಆಗಲೇ ಅಪ್ಪುಗೆ ಹೋಯ್ತಲ್ಲ..."

"ಅದು ಪೋನಿಂದು. ಇದು ನಮ್ದು. ನಮ್ಮ ಗರಡಿಲಿ ಮಣ್ಣು ಮನೆ ಗಂಡಿಗೇ ಓಗ್ಬೇಕು. ನಂಗಿರೋದು ಒಬ್ಳೇ ಮಗ್ಳು, ಒಬ್ನೇ ಅಳಿಯ. ನೀನು ಎಲ್ಲಿ ಒಲ್ಲೆ ಅಂತೀಯೋ ಅಂತ ಇಡೀ ದಾರಿ ಯೋಚ್ನೆ ಮಾಡ್ಕಂಡ್ ಬಂದೆ. ನೀನು ನೋಡುದ್ರೆ ಕಣ್ಗೊತ್ಕಂಡು ತಿಂದೇ ಬುಟ್ಟೆ! ನನ್ ಮಗ್ಳು ಪುಣ್ಯವಂತೆ ಕಣಪ್ಪ." ಅವರ ಕಣ್ಣಲ್ಲಿ ನೀರಾಡಿತು.

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಒಂದು ಸದ್ದು ಬೇರೆಯಾಗಿ ಕೇಳಿಸಿತು, ಒದ್ದೆ ಗೋಣಿಚೀಲವನ್ನು ಬಂಡೆಗೆ ಬಡಿದಂಥ ಸದ್ದು. ಅಪ್ಪು ತೊಡೆ ತಟ್ಟಿದ್ದ.

"ಮೇಷ್ಟ್ರೇ, ನಾಳೆ ಬಾನುವಾರ. ಸಿಲಿಂಡ್ರು ಇಳ್ಸ್‌ಬುಟ್ಟು ಬೆಳಿಗ್ಗೆನೇ ಬತ್ತೀನಿ. ಒಂದೇ ಒಂದ್ ಕೈ."

ಪುಟ್ಟರಾಜು ನಾಲಗೆಯ ಮೇಲಿದ್ದ ಮಣ್ಣನ್ನು ನುಂಗಿದ. ಅವನು ಎಡ ಹೆಬ್ಬೆರಳಿನಿಂದ ಮೆಲ್ಲನೆ ಆಟ ತೆರೆದ. ಯಾವನೋ ಉತ್ಸಾಹಿ ಯಜಮಾನ ಆಗಲೇ ಹೊಸ ಪೈಲ್ವಾನನ ಹೆಸರು ಸೂಚಿಸಿದ್ದ: ಮದ್ದೂರು ಪುಟ್ಟರಾಜು, ವಯಸ್ಸು ಮೂವತ್ಮೂರು. ಮಟ್ಟಿ ಬಿಡುವ ವಯಸ್ಸು ನಲವತ್ತೈದು, ಅವನೇ ಬರೆದ ನಿಯಮ. ಮೂವತ್ಮೂರನ್ನು ನಲವತ್ತಾರು ಮಾಡಲು ಎರಡು ಸಲ ಒತ್ತಿದರೆ ಸಾಕು. ಬೆರಳು ಇನ್ನೇನು ತಾಗಬೇಕು, ಮರಿಸಿದ್ದಯ್ಯ ಮಣಿಕಟ್ಟು ಹಿಡಿದರು.

"ವಯಸ್ಸು ಮುಟ್‌ಬ್ಯಾಡಿ ಮೇಷ್ಟ್ರೇ. ನ್ಯಾಯ ಅಲ್ಲ ಅದು."

ಆ ಸಂಜೆ ಮದ್ದೂರಿಗೆ ಮದ್ದೂರೇ ನೆಮ್ಮದಿಯಾಗಿತ್ತು. ಬೋರಯ್ಯ ಬೆಂಚಿನ ಮೇಲೆ ಕಾಲು ಚಾಚಿ ಕೂತು, ನಲವತ್ತು ವರ್ಷದ ಮೇಲೆ ಮೊದಲ ವಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಕಚ್ಚಿದರು. ಈರುಳ್ಳಿ ಕರುಂ ಎಂದದ್ದು ರಸ್ತೆಯ ಆಚೆಗೂ ಕೇಳಿಸಿತು. "ಅವ್ವಾ" ಎಂದರು ಅಷ್ಟೇ.

ಆಗ ಪುಟ್ಟರಾಜುವಿಗೂ ತನ್ನ ತಟ್ಟೆ ನೆನಪಾಯಿತು. ಬೆಳಗಿನಿಂದ ಉಪವಾಸ. ಏನಾದರಾಗಲಿ, ನಾಳೆಯದು ನಾಳೆಗೆ. ಅವನು ಕೈತೊಳೆದುಕೊಂಡು ಬಂದು ಮುರಿದಿಟ್ಟ ವಡೆಗೆ ಕೈ ಚಾಚಿದ. ತಟ್ಟೆ ಹಿಂದಕ್ಕೆ ಸರಿಯಿತು.

"ಏ, ಎಲ್ಲಾದ್ರೂ ಉಂಟಾ?" ಎಂದ ಚಿಕ್ಕಣ್ಣ ತಟ್ಟೆ ಎತ್ತಿಕೊಳ್ಳುತ್ತ. "ಮಣ್ಣಿಡ್ದೋರು ಕರ್ದಿದ್ದು ತಿನ್ನಂಗಿಲ್ಲ. ಲೇ ಯಾರ್ಲಾ ಅಲ್ಲಿ, ಪೈಲ್ವಾನ್ರಿಗೆ ಒಂದ್ ಲೋಟ ಹಾಲು ಕೊಡ್ರಲಾ!"